ತಪ್ಪಿದ ಸಾವುಗಳ ಎಣಿಕೆ: ಅತಿಸೇವನೆಯನ್ನು ತಡೆಯುವ ಸಮುದಾಯ ಯೋಜನೆಗಳ ಫಲನಿರ್ಣಯವನ್ನು ಕುರಿತು

ಅಮೆರಿಕ ಸಂಯುಕ್ತ ಸಂಸ್ಥಾನದ ಕೆಂಟಕಿ, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಮತ್ತು ಒಹಾಯೋ ರಾಜ್ಯಗಳಿಗೆ ಸೇರಿದ ೬೭ ಸಮುದಾಯಗಳಲ್ಲಿ ನಡೆದ ಒಂದು ಬೃಹತ್ ಪ್ರಯೋಗದ ಫಲಿತಾಂಶವು ೨೦೨೪ನೆಯ ಇಸವಿ ಜೂನ್ ತಿಂಗಳಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ಹೀಲಿಂಗ್ ಕಮ್ಯುನಿಟೀಸ್ ಸ್ಟಡಿ’ ಎಂದು ಹೆಸರಾದ ಈ ಪ್ರಯೋಗಕ್ಕೆ ಅಲ್ಲಿನ ಕೇಂದ್ರ ಸರ್ಕಾರ ವಿನಿಯೋಗಿಸಿದ ಹಣ ೩೪ ಕೋಟಿ ಡಾಲರುಗಳಿಗೂ ಮಿಗಿಲು. ಹೆರಾಯಿನ್, ಫೆಂಟನಿಲ್ ಮೊದಲಾದ ಅಫೀಮಿನ ಜಾತಿಯ ಮದ್ದುಗಳನ್ನು ಮಿತಿಮೀರಿ ಸೇವಿಸಿ ಸಾಯುವವರ ಸಂಖ್ಯೆಯನ್ನು ಶೇಕಡ ೪೦ರಷ್ಟು ತಗ್ಗಿಸಬೇಕೆಂಬುದು ಅದರ ಗುರಿ. ಚೀಟಿ ಎತ್ತುವ ಕ್ರಮದಿಂದ ೩೪ ಸಮುದಾಯಗಳಲ್ಲಿ ಯೋಜನೆಯನ್ನು ಆರಂಭಿಸಿ, ಉಳಿದ ೩೩ನ್ನು ಹೋಲಿಕೆಗಾಗಿ ಕಾಯಿಸಿದರು. ೨೦೨೧ರ ಜುಲೈನಿಂದ ೨೦೨೨ರ ಜೂನ್‌ವರೆಗಿನ ಒಂದು ವರ್ಷದಲ್ಲಿ ಯೋಜನೆ ನಡೆದೆಡೆ ಲಕ್ಷ ವಯಸ್ಕರಿಗೆ ೪೭.೨ರಂತೆಯೂ ಹೋಲಿಕೆಯ ಕಡೆ ೫೧.೭ರಂತೆಯೂ ಮರಣಗಳು ಸಂಭವಿಸಿದುವು. ಈ ಅಂತರವು ಆಕಸ್ಮಿಕವಾಗಿಯೂ ಒದಗಬಹುದಾದಷ್ಟು ಸಣ್ಣದು ಎಂಬುದು ವರದಿಯ ತೀರ್ಮಾನ.

ಇಷ್ಟನ್ನೇ ಓದಿ ಪುಟವನ್ನು ಮಗುಚುವವರು, ಇಂಥ ಯೋಜನೆಗಳಿಂದ ಪ್ರಯೋಜನವಿಲ್ಲವೆಂದು ನಿಶ್ಚಯಿಸುವುದು ಸಹಜ. ಇಂಥ ಯೋಜನೆಗಳಲ್ಲಿ ದುಡಿಯುವವರು ಅಂಕಿಗಳನ್ನೇ ಅವಿಶ್ವಾಸದಿಂದ ಕಾಣುವುದೂ ಅಷ್ಟೇ ಸಹಜ. ಎರಡೂ ಅವಸರದ ಮಾತು. ಆ ವರದಿಯನ್ನೂ ಅದಕ್ಕೆ ಹಿಂದಿನ ಕೆಲವು ಪ್ರಸಿದ್ಧ ಅಧ್ಯಯನಗಳನ್ನೂ ಎದುರಿಗಿಟ್ಟುಕೊಂಡು, ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಳತೆಗೋಲುಗಳು ಎಷ್ಟರಮಟ್ಟಿಗೆ ನೆಚ್ಚತಕ್ಕವು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಷಯದ ಪರಿಚಯವಾಗಿ ಒಂದೆರಡು ಮಾತು. ಅಫೀಮಿನ ಜಾತಿಯ ಮದ್ದು ದೇಹದಲ್ಲಿ ಮಿತಿಮೀರಿದಾಗ ಉಸಿರಾಟವನ್ನು ನಡೆಸುವ ಮಿದುಳಿನ ಭಾಗವು ಮಂದವಾಗುತ್ತದೆ. ಉಸಿರು ನಿಧಾನವಾಗಿ ನಿಲ್ಲುತ್ತದೆ. ನಲಾಕ್ಸೋನ್ ಎಂಬ ಔಷಧವು ಆ ಮದ್ದನ್ನು ಅದು ಹಿಡಿದ ಸ್ಥಾನದಿಂದ ತಳ್ಳಿ, ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸಬಲ್ಲುದು. ಒಂದು ಕಾಲಕ್ಕೆ ವೈದ್ಯರ ಕೈಯಲ್ಲಿ ಮಾತ್ರ ಇದ್ದ ಈ ಔಷಧವನ್ನು ಮದ್ದು ಬಳಸುವವರಿಗೂ ಅವರ ಸಂಗಡಿಗರಿಗೂ ಕೊಟ್ಟು ಬಳಕೆಯನ್ನು ಕಲಿಸುವ ಪದ್ಧತಿಯು ಚಿಕಾಗೋ ನಗರದಲ್ಲಿ ೧೯೯೬ರಲ್ಲಿ ಮೊದಲಾಯಿತು. ಇದಕ್ಕೆ ಕ್ರಮೇಣ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್ ಔಷಧಗಳ ಮೂಲಕ ನಡೆಸುವ ದೀರ್ಘ ಚಿಕಿತ್ಸೆ, ನೋವಿನ ಮಾತ್ರೆಗಳನ್ನು ಬರೆದುಕೊಡುವುದರಲ್ಲಿ ವೈದ್ಯರ ಎಚ್ಚರ ಮೊದಲಾದುವು ಕೂಡಿಕೊಂಡುವು. ಇವೆಲ್ಲವನ್ನೂ ಊರಿನ ಆಸ್ಪತ್ರೆ, ಸೆರೆಮನೆ, ಪೊಲೀಸು, ಚರ್ಚು, ಶಾಲೆ ಇವುಗಳೊಡನೆ ಹೊಂದಿಸಿ ನಡೆಸಿದಾಗ ಅದು ಸಮುದಾಯ ಯೋಜನೆಯೆನಿಸುತ್ತದೆ.

ಇಂಥ ಯೋಜನೆಯ ಫಲವೆಂದರೆ ಸಂಭವಿಸದೆಹೋದ ಸಾವು. ಸಂಭವಿಸಿದ್ದನ್ನು ಎಣಿಸಬಹುದು, ಸಂಭವಿಸದ್ದನ್ನು ಊಹಿಸಬೇಕು. ಎಲ್ಲ ತೊಡಕಿಗೂ ಮೂಲ ಇಲ್ಲಿದೆ. ಊಹೆಯ ಶ್ರಮವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಕಾರ್ಯಕರ್ತರು ಕೈಗೆ ಸುಲಭವಾಗಿ ಸಿಕ್ಕುವ ಲೆಕ್ಕಗಳನ್ನು ಹಿಡಿಯುತ್ತಾರೆ. ಎಷ್ಟು ಪೊಟ್ಟಣಗಳನ್ನು ಹಂಚಿದೆವು, ಎಷ್ಟು ಮಂದಿಗೆ ತರಬೇತು ಕೊಟ್ಟೆವು ಎಂಬುದು ಇವುಗಳಲ್ಲಿ ಅತ್ಯಂತ ಸುಲಭವಾದ ಲೆಕ್ಕ. ಇದು ನಮಗೂ ಅಪರಿಚಿತವಲ್ಲ. ೨೦೨೦ರ ಆಗಸ್ಟ್ ೧೫ರಂದು ೨೭೨ ಜಿಲ್ಲೆಗಳಲ್ಲಿ ಆರಂಭವಾದ ನಶಾಮುಕ್ತ ಭಾರತ ಅಭಿಯಾನದ ಪ್ರಗತಿಯ ಅಂಕಿಗಳಲ್ಲಿಯೂ ಎದ್ದು ಕಾಣುವುದು ತಲಪಿದ ಜನರ ಸಂಖ್ಯೆಯೇ. ಸಭೆಗೆ ಬಂದವರ ತಲೆ ಎಣಿಸಿದರೆ ಸಭೆ ನಡೆಯಿತೆಂಬುದು ಸಿದ್ಧವಾಗುತ್ತದೆ; ಅದಕ್ಕಿಂತ ಹೆಚ್ಚಿನದೇನೂ ಸಿದ್ಧವಾಗುವುದಿಲ್ಲ.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ನಲಾಕ್ಸೋನ್ ಕೊಟ್ಟು ಎಬ್ಬಿಸಿದ ಪ್ರಸಂಗಗಳ ಲೆಕ್ಕ. ೧೯೯೬ರಿಂದ ೨೦೧೪ರ ಜೂನ್‌ವರೆಗೆ ಅಮೆರಿಕದಲ್ಲಿ ಹಂಚಿಕೆಯ ಸಂಘಗಳಿಂದ ೧,೫೨,೨೮೩ ಮಂದಿ ಔಷಧವನ್ನು ಪಡೆದರೆಂದೂ ೨೬,೪೬೩ ಪ್ರಸಂಗಗಳಲ್ಲಿ ಅದು ಪ್ರಯೋಗವಾಯಿತೆಂದೂ ೨೦೧೫ರಲ್ಲಿ ಪ್ರಕಟವಾದ ಸರ್ಕಾರಿ ವರದಿಯೊಂದು ತಿಳಿಸುತ್ತದೆ. ಈ ಎರಡನೆಯ ಸಂಖ್ಯೆಯನ್ನು ಉಳಿದ ಪ್ರಾಣಗಳ ಸಂಖ್ಯೆಯೆಂದೇ ಭಾಷಣಗಳಲ್ಲಿ ಹೇಳುವವರುಂಟು. ಅತಿಸೇವನೆಯ ಪ್ರತಿಯೊಂದು ಪ್ರಸಂಗವೂ ಮರಣದಲ್ಲಿ ಮುಗಿಯುವುದಿಲ್ಲ. ಬಹುಪಾಲು ಮಂದಿ ಔಷಧವಿಲ್ಲದೆಯೂ ಚೇತರಿಸಿಕೊಳ್ಳುತ್ತಾರೆ. ಆ ದೃಷ್ಟಿಯಿಂದ ಸಂಖ್ಯೆ ಅತಿಯಾಯಿತು. ಇತ್ತ, ಪ್ರಸಂಗವನ್ನು ವರದಿಮಾಡುವವರು ಹೆಚ್ಚಾಗಿ ಇನ್ನೊಂದು ಪೊಟ್ಟಣಕ್ಕಾಗಿ ಮರಳಿ ಬಂದವರು. ಮರಳಿ ಬಾರದವನು ಯಾರನ್ನು ಉಳಿಸಿದನೋ ಬಲ್ಲವರಿಲ್ಲ. ಈ ದೃಷ್ಟಿಯಿಂದ ಸಂಖ್ಯೆ ಕಡಮೆಯಾಯಿತು. ಎರಡು ದೋಷಗಳು ಒಂದನ್ನೊಂದು ಸರಿದೂಗಿಸುತ್ತವೆಂದು ನಂಬುವುದಕ್ಕೆ ಆಧಾರವಿಲ್ಲ.

೨೦೧೩ರಲ್ಲಿ ಕಾಫಿನ್ ಮತ್ತು ಸಲಿವನ್ ಎಂಬ ವಿದ್ವಾಂಸರು, ಹಂಚಿದ ೨೨೭ ಪೊಟ್ಟಣಗಳಿಗೆ ಒಂದು ಮರಣ ತಪ್ಪುತ್ತದೆಂದು ಲೆಕ್ಕಹಾಕಿದರು. ಈ ಸಂಖ್ಯೆ ಬಹಳ ದೂರ ಪ್ರಯಾಣಮಾಡಿದೆ. ಅದು ಎಣಿಸಿದ ಸಂಖ್ಯೆಯಲ್ಲ, ಗಣಿತದ ಮಾದರಿಯೊಂದರಿಂದ ಹೊರಟ ಸಂಖ್ಯೆ; ಹೆರಾಯಿನ್ ಬಳಸುವವರಿಗೆ ಹಂಚಿದಾಗ ಏನಾಗಬಹುದೆಂಬ ಊಹೆಯ ಫಲ. ಫೆಂಟನಿಲ್ ಅಮೆರಿಕದ ಬೀದಿಗಳನ್ನು ಆಕ್ರಮಿಸಿದ ಮೇಲೆ ಸಾವಿನ ಸಂಭವವೂ ಬೇಕಾಗುವ ಔಷಧದ ಪ್ರಮಾಣವೂ ಬದಲಾದುವು. ಮಾದರಿ ಮಾಡಿದವರು ತಮ್ಮ ಊಹೆಗಳನ್ನು ಬಿಚ್ಚಿ ಹೇಳಿದ್ದಾರೆ. ಊಹೆಗಳನ್ನು ಬಿಟ್ಟು ಉತ್ತರವನ್ನು ಮಾತ್ರ ಒಯ್ದ ತಪ್ಪು ಓದಿದವರದು.

ಆಸ್ಪತ್ರೆಯ ತುರ್ತುವಿಭಾಗಕ್ಕೆ ಬಂದವರ ಲೆಕ್ಕವಂತೂ ಇನ್ನೂ ವಿಚಿತ್ರವಾದ ಸಾಕ್ಷಿ. ಸಂಗಡಿಗರು ಹೆದರಿ ಓಡಿಹೋಗದೆ ಆಂಬುಲೆನ್ಸ್ ಕರೆಯಬೇಕೆಂದು ಯೋಜನೆಯೇ ಕಲಿಸುತ್ತದೆ. ಕಲಿಕೆ ಫಲಿಸಿದರೆ ಆಸ್ಪತ್ರೆಗೆ ಬರುವವರು ಹೆಚ್ಚುತ್ತಾರೆ. ಅತಿಸೇವನೆ ಹೆಚ್ಚಿದರೂ ಬರುವವರು ಹೆಚ್ಚುತ್ತಾರೆ. ಒಂದೇ ಏರಿಕೆಯನ್ನು ಜಯವೆಂದೂ ಅಪಜಯವೆಂದೂ ಓದಬಹುದಾದರೆ ಅದು ಅಳತೆಗೋಲಾಗಲಾರದು.

ಕೊನೆಗೆ ಉಳಿಯುವುದು ಮರಣಗಳ ಎಣಿಕೆಯೇ. ಇದರಲ್ಲಿಯೂ ಕಲ್ಮಷವುಂಟು. ಅಮೆರಿಕದಲ್ಲಿ ಸಾವಿನ ಕಾರಣವನ್ನು ಕೆಲವೆಡೆ ಶವಪರೀಕ್ಷೆಯಲ್ಲಿ ಪರಿಣತರಾದ ವೈದ್ಯರೂ ಕೆಲವೆಡೆ ಜನರಿಂದ ಚುನಾಯಿತರಾದ ಕರೋನರರೂ ನಿರ್ಧರಿಸುತ್ತಾರೆ. ರಕ್ತದ ರಾಸಾಯನಿಕ ಪರೀಕ್ಷೆ ನಡೆಯದೆ, ‘ಮದ್ದಿನಿಂದ ಮರಣ’ ಎಂದಷ್ಟೇ ಬರೆದ ಪ್ರಮಾಣಪತ್ರಗಳಲ್ಲಿ ಯಾವ ಮದ್ದೆಂಬುದು ತಿಳಿಯುವುದಿಲ್ಲ. ಯೋಜನೆ ನಡೆಯುವ ಊರಿನಲ್ಲಿ ಎಚ್ಚರ ಹೆಚ್ಚಿ, ಹಿಂದೆ ಹೃದಯಾಘಾತವೆಂದು ದಾಖಲಾಗುತ್ತಿದ್ದ ಸಾವು ಈಗ ಅತಿಸೇವನೆಯೆಂದು ದಾಖಲಾದರೆ, ಯೋಜನೆ ತನ್ನ ಶ್ರದ್ಧೆಯಿಂದಲೇ ತನ್ನ ಅಂಕಿಯನ್ನು ಕೆಡಿಸಿಕೊಂಡಂತಾಯಿತು. ಆದರೂ ಮರಣವು ತರಬೇತಿನ ಹಾಜರಿಯಂತೆ ಬೇಕಾದಂತೆ ಬೆಳೆಸಬಹುದಾದ ಸಂಖ್ಯೆಯಲ್ಲ. ಯಾವ ಸಂಖ್ಯೆಯ ಮೇಲೆ ಸರ್ಕಾರದ ನಿರ್ಣಯಗಳು ನಿಲ್ಲುತ್ತವೆಯೋ ಆ ಸಂಖ್ಯೆ ಕೆಡುತ್ತದೆಂದು ಡೊನಾಲ್ಡ್ ಕ್ಯಾಂಬೆಲ್ ೧೯೭೬ರಲ್ಲಿ ಎಚ್ಚರಿಸಿದರು. ಆ ಎಚ್ಚರಿಕೆಗೆ ಮರಣದ ಲೆಕ್ಕವು ಉಳಿದವಕ್ಕಿಂತ ಕಡಮೆ ಈಡಾಗುತ್ತದೆ.

ಮರಣವನ್ನೇ ಎಣಿಸಿದರೂ ಯಾವುದರೊಡನೆ ಹೋಲಿಸಬೇಕು? ಇಲ್ಲಿ ಉತ್ತರ ಕೆರೊಲಿನ ರಾಜ್ಯದ ವಿಲ್ಕ್ಸ್ ಕೌಂಟಿಯ ‘ಪ್ರಾಜೆಕ್ಟ್ ಲಾಜರಸ್’ ಎಂಬ ಯೋಜನೆಯ ಉದಾಹರಣೆ ಬೋಧಪ್ರದವಾಗಿದೆ. ಬೆಟ್ಟಸೀಮೆಯ ಆ ಗ್ರಾಮಾಂತರ ಪ್ರದೇಶದಲ್ಲಿ, ಹೆಚ್ಚಾಗಿ ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಗಳಿಂದಲೇ, ದೇಶದ ಅತಿ ಹೆಚ್ಚಿನ ಮರಣಪ್ರಮಾಣಗಳಲ್ಲೊಂದು ಕಂಡುಬಂದಿತ್ತು. ಊರವರೇ ಮುಂದಾಗಿ ನಡೆಸಿದ ಈ ಯೋಜನೆಯ ಮೊದಲ ವರದಿ ೨೦೧೧ರಲ್ಲಿ ಹೊರಬಂದಿತು. ಅದರ ಪ್ರಕಾರ ಲಕ್ಷಕ್ಕೆ ೨೦೦೯ರಲ್ಲಿ ೪೬.೬ ಇದ್ದ ಮರಣಪ್ರಮಾಣ ೨೦೧೦ರಲ್ಲಿ ೨೯.೦ಕ್ಕೆ ಇಳಿಯಿತು. ಇಳಿತ ಶೇಕಡ ೩೮. ಕೇಳುವುದಕ್ಕೆ ಅದ್ಭುತ. ಆದರೆ ಆ ಕೌಂಟಿಯ ಜನಸಂಖ್ಯೆ ಸುಮಾರು ೬೯ ಸಾವಿರ. ಹಾಗಾದರೆ ೪೬.೬ ಎಂದರೆ ಸುಮಾರು ೩೨ ಮರಣಗಳು, ೨೯.೦ ಎಂದರೆ ಸುಮಾರು ೨೦. ವ್ಯತ್ಯಾಸ ಹನ್ನೆರಡು. ಇಷ್ಟು ವಿರಳವಾದ ಘಟನೆಗಳ ವಿಷಯದಲ್ಲಿ ಎರಡು ವರ್ಷಗಳ ನಡುವೆ, ಯಾವ ಕಾರಣವೂ ಇಲ್ಲದೆ, ಏಳರಷ್ಟು ಏರಿಳಿತ ಸಾಮಾನ್ಯವೆಂದು ಸಂಖ್ಯಾಶಾಸ್ತ್ರದ ಪ್ರಾಥಮಿಕ ಸೂತ್ರವೇ ಹೇಳುತ್ತದೆ. ಹನ್ನೆರಡು ಎಂಬುದು ಅದರ ಎರಡರಷ್ಟೂ ಅಲ್ಲ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಮರಣಗಳು ಮಿತಿಮೀರಿದುವೆಂದೇ ಆ ಊರು ಎಚ್ಚೆತ್ತುಕೊಂಡಿತು. ಅತಿ ಎತ್ತರದ ವರ್ಷವನ್ನು ನೋಡಿ ಕಾರ್ಯವನ್ನು ಆರಂಭಿಸಿದರೆ, ಏನೂ ಮಾಡದಿದ್ದರೂ ಮುಂದಿನ ವರ್ಷ ಇಳಿಯುವುದೇ ಹೆಚ್ಚು ಸಂಭವ. ಇದೇ ಕ್ಯಾಂಬೆಲ್, ರಾಸ್ ಅವರೊಡನೆ ೧೯೬೮ರಲ್ಲಿ ಬರೆದ ಲೇಖನದಲ್ಲಿ ಕನೆಕ್ಟಿಕಟ್ ರಾಜ್ಯದ ವಾಹನವೇಗ ನಿಯಂತ್ರಣವನ್ನು ಪರಿಶೀಲಿಸಿದ್ದರು. ೧೯೫೫ರಲ್ಲಿ ರಸ್ತೆಯ ಅಪಘಾತಗಳಲ್ಲಿ ೩೨೪ ಮಂದಿ ಸತ್ತರು. ಗವರ್ನರು ಕಠಿಣ ಕ್ರಮ ಕೈಕೊಂಡರು. ೧೯೫೬ರಲ್ಲಿ ೨೮೪ ಮಂದಿ ಸತ್ತರು. ನಲವತ್ತು ಪ್ರಾಣಗಳು ಉಳಿದುವೆಂಬ ಘೋಷಣೆಯನ್ನು ಆ ವಿದ್ವಾಂಸರು ಹಿಂದಿನ ವರ್ಷಗಳ ಏರಿಳಿತದ ಸಾಲಿನಲ್ಲಿಟ್ಟು ನೋಡಿದಾಗ ಅದರ ಬಣ್ಣ ಬಹುಮಟ್ಟಿಗೆ ಇಳಿಯಿತು. ವಿಲ್ಕ್ಸ್ ಕೌಂಟಿಯ ಅಂಕಿಗಳಿಗೂ ಅದೇ ಪರೀಕ್ಷೆ ನ್ಯಾಯ. ತಮ್ಮ ಅಂಕಿಗಳು ಪ್ರಾರಂಭಿಕವಾದುವು, ಹೊಂದಾಣಿಕೆ ಮಾಡದವು ಎಂದು ಆ ವರದಿಯ ಕರ್ತೃಗಳೇ ಹೇಳಿಕೊಂಡಿದ್ದಾರೆಂಬುದನ್ನು ಇಲ್ಲಿ ಸ್ಮರಿಸಬೇಕು. ಅದಕ್ಕಿಂತ ಹೆಚ್ಚು ಅರ್ಥವತ್ತಾದ ಇನ್ನೊಂದು ಅಂಕಿಯನ್ನೂ ಅವರು ಕೊಟ್ಟಿದ್ದಾರೆ: ೨೦೦೮ರಲ್ಲಿ ಸತ್ತವರ ಪೈಕಿ ಶೇಕಡ ೮೨ ಮಂದಿ ಆ ಕೌಂಟಿಯ ವೈದ್ಯರಿಂದಲೇ ಮಾತ್ರೆಯ ಚೀಟಿ ಪಡೆದಿದ್ದರು, ೨೦೧೦ರಲ್ಲಿ ಅಂಥವರು ಶೇಕಡ ೧೦. ಸಾವಿನ ಒಟ್ಟು ಸಂಖ್ಯೆ ಆಕಸ್ಮಿಕವಾಗಿ ಇಳಿಯಬಹುದು. ಸಾವಿಗೆ ಹೋಗುವ ದಾರಿಯೇ ಹೀಗೆ ಬದಲಾಗುವುದು ಆಕಸ್ಮಿಕವೆನ್ನುವುದು ಕಷ್ಟ.

ಮ್ಯಾಸಚೂಸೆಟ್ಸ್ ರಾಜ್ಯದ ೧೯ ಸಮುದಾಯಗಳನ್ನು ಕುರಿತು ವಾಲಿ ಮತ್ತು ಸಂಗಡಿಗರು ೨೦೧೩ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದ ಅಧ್ಯಯನವು, ಈ ಲೇಖಕನ ಅಭಿಪ್ರಾಯದಲ್ಲಿ, ಚೀಟಿ ಎತ್ತದೆ ಮಾಡಿದ ಅಧ್ಯಯನಗಳಲ್ಲಿ ಶ್ರೇಷ್ಠವಾದುದು. ೨೦೦೨ರಿಂದ ೨೦೦೯ರವರೆಗಿನ ಅವಧಿಯಲ್ಲಿ ೨,೯೧೨ ಮಂದಿ ತರಬೇತು ಪಡೆದರು. ೩೨೭ ಪ್ರಸಂಗಗಳು ವರದಿಯಾದುವು. ಯೋಜನೆ ಇತ್ತೋ ಇಲ್ಲವೋ ಎಂದು ಕೇಳುವುದರ ಜೊತೆಗೆ, ಲಕ್ಷ ಜನಸಂಖ್ಯೆಗೆ ಎಷ್ಟು ಮಂದಿ ತರಬೇತಾದವರಿದ್ದರು ಎಂದು ಅವರು ಕೇಳಿದರು. ತರಬೇತಾದವರು ಲಕ್ಷಕ್ಕೆ ನೂರರವರೆಗೆ ಇದ್ದಲ್ಲಿ ಮರಣಪ್ರಮಾಣ, ಯೋಜನೆಯಿಲ್ಲದ ಸ್ಥಿತಿಗೆ ಹೋಲಿಸಿದರೆ, ಶೇಕಡ ೨೭ ಕಡಮೆ. ನೂರನ್ನು ಮೀರಿದಲ್ಲಿ ಶೇಕಡ ೪೬ ಕಡಮೆ. ಔಷಧದ ಮಾತ್ರೆ ಹೆಚ್ಚಿದಂತೆ ಗುಣ ಹೆಚ್ಚುವುದು ಕಾರಣಸಂಬಂಧಕ್ಕೆ ಒಳ್ಳೆಯ ಲಕ್ಷಣ. ಆಸ್ಪತ್ರೆಯ ಭೇಟಿಗಳಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. ಇದನ್ನು ದೌರ್ಬಲ್ಯವೆಂದು ಎಣಿಸಬೇಕಾಗಿಲ್ಲ. ನಲಾಕ್ಸೋನ್ ಅತಿಸೇವನೆಯನ್ನು ತಡೆಯುವುದಿಲ್ಲ, ಅದರಿಂದಾಗುವ ಮರಣವನ್ನು ತಡೆಯುತ್ತದೆ. ನಿಜವಾದ ದೌರ್ಬಲ್ಯವೆಂದರೆ, ಹೆಚ್ಚು ಮಂದಿಯನ್ನು ತರಬೇತಿಗೆ ಕೂಡಿಸಬಲ್ಲ ಊರು ಬೇರೆ ಕಾರ್ಯಗಳಲ್ಲಿಯೂ ಸಮರ್ಥವಾಗಿರಬಹುದೆಂಬುದು. ಚಿಕಿತ್ಸೆಯ ಸೌಲಭ್ಯವೇ ಮೊದಲಾದ ಅಂಶಗಳಿಗೆ ಅವರು ಗಣಿತದಿಂದ ಹೊಂದಾಣಿಕೆ ಮಾಡಿದ್ದಾರೆ. ಊರಿನ ಸಾಮರ್ಥ್ಯವೆಂಬುದಕ್ಕೆ ಮಾತ್ರ ಗಣಿತದ ಚಿಹ್ನೆಯಿಲ್ಲ.

ಸ್ಕಾಟ್ಲೆಂಡಿನವರು ೨೦೧೧ರಲ್ಲಿ ರಾಷ್ಟ್ರೀಯ ನಲಾಕ್ಸೋನ್ ಯೋಜನೆಯನ್ನು ಆರಂಭಿಸಿದಾಗ ಬೇರೊಂದು ಬಗೆಯ ಅಳತೆಯನ್ನು ಮೊದಲೇ ನಿಶ್ಚಯಿಸಿಕೊಂಡರು. ಸೆರೆಮನೆಯಲ್ಲಿ ಮದ್ದು ತಪ್ಪಿ ದೇಹದ ಸಹನಶಕ್ತಿ ಇಳಿದಿರುವುದರಿಂದ, ಬಿಡುಗಡೆಯಾದ ಮೊದಲ ವಾರಗಳು ಪ್ರಾಣಾಂತಿಕ. ಆದ್ದರಿಂದ ಒಟ್ಟು ಮರಣಗಳಲ್ಲಿ ಬಿಡುಗಡೆಯಾದ ನಾಲ್ಕು ವಾರಗಳೊಳಗೆ ಸತ್ತವರ ಪಾಲೆಷ್ಟು ಎಂಬುದನ್ನು ಅವರು ನೋಡಿದರು. ೨೦೦೬ರಿಂದ ೨೦೧೦ರವರೆಗೆ ೧,೯೭೦ ಮರಣಗಳಲ್ಲಿ ೧೯೩, ಅಂದರೆ ಶೇಕಡ ೯.೮, ೨೦೧೧ರಿಂದ ೨೦೧೩ರವರೆಗೆ ೧,೨೧೨ರಲ್ಲಿ ೭೬, ಅಂದರೆ ಶೇಕಡ ೬.೩. ಇದಕ್ಕೆ ಒಂದು ಆಕ್ಷೇಪ ಕೂಡಲೇ ತೋರುತ್ತದೆ: ಛೇದ ಬೆಳೆದರೂ ಭಿನ್ನರಾಶಿ ಕುಗ್ಗುತ್ತದೆಯಲ್ಲವೆ? ಲೆಕ್ಕಹಾಕಿ ನೋಡಿದರೆ ಒಟ್ಟು ಮರಣಗಳು ವರ್ಷಕ್ಕೆ ೩೯೪ರಿಂದ ೪೦೪ಕ್ಕೆ ಏರಿದುವು, ಅಷ್ಟೆ. ಬಿಡುಗಡೆಯಾದವರ ಮರಣ ವರ್ಷಕ್ಕೆ ಸುಮಾರು ೩೯ರಿಂದ ೨೫ಕ್ಕೆ ಇಳಿಯಿತು. ಆಕ್ಷೇಪ ನಿಲ್ಲುವುದಿಲ್ಲ. ಆದರೆ ಅದೇ ದೇಶದಲ್ಲಿ ಎಲ್ಲ ಮದ್ದುಗಳಿಂದಾದ ಮರಣಗಳು ೨೦೧೩ರಲ್ಲಿ ೫೨೭ ಇದ್ದುವು ೨೦೨೦ರಲ್ಲಿ ೧,೩೩೯ ಆದುವು. ಒಂದು ಬಾಗಿಲನ್ನು ಭದ್ರಪಡಿಸುತ್ತಿರುವಾಗ ಕೃತಕ ನಿದ್ರಾಜನಕ ಮಾತ್ರೆಗಳ ಮಿಶ್ರಣ ಬೇರೆ ಬಾಗಿಲಿನಿಂದ ಒಳಹೊಕ್ಕಿತ್ತು. ಒಟ್ಟು ಸಂಖ್ಯೆಯನ್ನೇ ಅಳತೆಯಾಗಿ ಇಟ್ಟಿದ್ದರೆ ಯೋಜನೆ ಕೆಲಸಮಾಡಿದ್ದು ಕಾಣುತ್ತಲೇ ಇರಲಿಲ್ಲ. ಕಿರಿದಾದ ಅಳತೆಯನ್ನೇ ನೆಚ್ಚಿದ್ದರೆ ದೇಶ ಮುಳುಗುತ್ತಿದ್ದುದು ಕಾಣುತ್ತಿರಲಿಲ್ಲ.

ನೆರೆಯ ಇಂಗ್ಲೆಂಡಿನಲ್ಲಿ ಇದನ್ನೇ ಚೀಟಿ ಎತ್ತುವ ಕ್ರಮದಿಂದ ಪರೀಕ್ಷಿಸಲು ಹೊರಟ ‘ಎನ್-ಅಲೈವ್’ ಪ್ರಯೋಗದ ಕಥೆ ವಿಧಾನಶಾಸ್ತ್ರದ ತರಗತಿಗಳಲ್ಲಿ ಪಾಠವಾಗತಕ್ಕದ್ದು. ೧,೬೮೫ ಬಂದಿಗಳು ಸೇರಿದ ಮೇಲೆ, ೨೦೧೪ರ ಡಿಸೆಂಬರಿನಲ್ಲಿ, ಪ್ರಯೋಗವನ್ನು ನಿಲ್ಲಿಸಲಾಯಿತು. ಕೊಟ್ಟ ನಲಾಕ್ಸೋನಿನ ಮೂರರಲ್ಲಿ ಎರಡು ಪಾಲು ಪಡೆದವರ ಮೇಲೆ ಪ್ರಯೋಗವಾಗದೆ ಬೇರೆಯವರ ಮೇಲೆ ಪ್ರಯೋಗವಾಗಿತ್ತು. ಔಷಧ ಪ್ರಾಣಗಳನ್ನು ಉಳಿಸುತ್ತಿದ್ದಿರಬಹುದು. ಆದರೆ ಉಳಿದವರು ಪ್ರಯೋಗದ ಪಟ್ಟಿಯಲ್ಲಿರಲಿಲ್ಲ. ಮೂರ್ಛೆಹೋದವನು ತನಗೆ ತಾನೇ ಔಷಧ ಕೊಟ್ಟುಕೊಳ್ಳಲಾರನಷ್ಟೆ. ಗುಣವು ವ್ಯಕ್ತಿಯಿಂದ ವ್ಯಕ್ತಿಗೆ ಹರಿಯುವಾಗ ವ್ಯಕ್ತಿಯನ್ನು ಘಟಕವಾಗಿ ಹಿಡಿಯುವುದು ಸಲ್ಲದು, ಊರನ್ನೇ ಘಟಕವಾಗಿ ಹಿಡಿಯಬೇಕು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ದೃಷ್ಟಾಂತ ಬೇಕಿಲ್ಲ.

ಅಮೆರಿಕದ ೬೭ ಸಮುದಾಯಗಳ ಪ್ರಯೋಗ ಊರನ್ನೇ ಘಟಕವಾಗಿ ಹಿಡಿಯಿತು. ಈ ಅಂಶದಲ್ಲಿ ಅದು ಎಲ್ಲ ಹಿಂದಿನ ಪ್ರಯತ್ನಗಳನ್ನು ಮೀರಿದೆ. ಅದರ ವಿನ್ಯಾಸವನ್ನು ಹಳಿಯುವುದಕ್ಕೆ ಕಾರಣವಿಲ್ಲ. ಫಲಿತಾಂಶವನ್ನು ಈಗ ಹತ್ತಿರದಿಂದ ನೋಡಬಹುದು. ಎರಡು ಪಂಗಡಗಳ ಮರಣಪ್ರಮಾಣಗಳ ಅನುಪಾತ ೦.೯೧, ವಿಶ್ವಾಸಾಂತರದ ಎಲ್ಲೆಗಳು ೦.೭೬ ಮತ್ತು ೧.೦೯. ಅಂದರೆ ಯೋಜನೆಯು ಮರಣಗಳನ್ನು ಶೇಕಡ ೨೪ರಷ್ಟು ತಗ್ಗಿಸಿತೆಂಬುದಕ್ಕೂ ಶೇಕಡ ೯ರಷ್ಟು ಹೆಚ್ಚಿಸಿತೆಂಬುದಕ್ಕೂ ಈ ಅಂಕಿಗಳು ವಿರುದ್ಧವಾಗಿಲ್ಲ. ಆದರೆ ಶೇಕಡ ೪೦ರ ಗುರಿಯು ಈ ಎಲ್ಲೆಗಳ ಹೊರಗೆ ಬೀಳುತ್ತದೆ. ಆದಕಾರಣ ‘ಏನೂ ಸಿದ್ಧವಾಗಲಿಲ್ಲ’ ಎಂಬ ಸಮಾಧಾನ ಸರಿಯಲ್ಲ. ಆ ವರ್ಷದಲ್ಲಿ ಶೇಕಡ ೪೦ರ ಇಳಿತ ಆಗಲಿಲ್ಲವೆಂಬುದು ಸಾಕಷ್ಟು ಸ್ಪಷ್ಟವಾಗಿ ಸಿದ್ಧವಾಯಿತು. ಸಿದ್ಧವಾಗದೆ ಉಳಿದದ್ದು ಸಣ್ಣ ಇಳಿತ. ಪ್ರಯೋಗದ ಗಾತ್ರವನ್ನು ಶೇಕಡ ೪೦ರ ಇಳಿತವನ್ನು ಹಿಡಿಯುವಂತೆ ನಿಶ್ಚಯಿಸಿದ್ದರಿಂದ, ಶೇಕಡ ೯ರ ಇಳಿತ ಆ ಬಲೆಯ ಕಣ್ಣಿನಿಂದ ನುಸುಳಿಹೋಗುವುದು ಅನಿವಾರ್ಯವಾಗಿತ್ತು. ಲಕ್ಷಕ್ಕೆ ೪.೫ರ ಅಂತರ ನಿಜವಾಗಿದ್ದಲ್ಲಿ, ನಲವತ್ತು ಲಕ್ಷ ವಯಸ್ಕರ ಪ್ರದೇಶದಲ್ಲಿ ಅದು ವರ್ಷಕ್ಕೆ ೧೮೦ ಮಂದಿ. ಅದನ್ನು ಸಣ್ಣದೆನ್ನುವ ಹಕ್ಕು ಸಂಖ್ಯಾಶಾಸ್ತ್ರಕ್ಕಿಲ್ಲ.

ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಮರಣಪ್ರಮಾಣವಲ್ಲ. ಸಮುದಾಯಗಳು ಆರಿಸಿಕೊಂಡ ೮೦೬ ಕಾರ್ಯಕ್ರಮಗಳಲ್ಲಿ ೬೧೫ ಜಾರಿಗೆ ಬಂದುವು. ಅವುಗಳಲ್ಲಿ ಹೋಲಿಕೆಯ ವರ್ಷ ಆರಂಭವಾಗುವ ವೇಳೆಗೆ ಮೊದಲಾಗಿದ್ದುವು ೨೩೫ ಮಾತ್ರ, ಶೇಕಡ ೩೮. ಪ್ರಯೋಗ ಶುರುವಾದದ್ದು ೨೦೨೦ರ ಜನವರಿಯಲ್ಲಿ. ಎರಡು ತಿಂಗಳಲ್ಲಿ ಕೋವಿಡ್ ವ್ಯಾಧಿ ಊರುಗಳನ್ನು ಮುಚ್ಚಿತು. ಆಸ್ಪತ್ರೆಗಳಿಗೂ ಸೆರೆಮನೆಗಳಿಗೂ ಹೊರಗಿನವರು ಕಾಲಿಡುವಂತಿರಲಿಲ್ಲ. ಹೀಗಿರುವಾಗ ೨೦೨೧ರ ಜುಲೈನಿಂದ ಎಣಿಸಿದ ಮರಣಗಳು ಅಳೆದದ್ದು ಯೋಜನೆಯ ಫಲವನ್ನೋ, ಯೋಜನೆಯ ವಿಳಂಬವನ್ನೋ? ಬಿತ್ತಿದ ಹೊಲ ಮೂರರಲ್ಲೊಂದು ಪಾಲನ್ನು ಸ್ವಲ್ಪ ಮೀರಿರುವಾಗ ಕಣದ ರಾಶಿಯನ್ನು ಅಳೆದು ಬೀಜದ ಗುಣವನ್ನು ನಿರ್ಣಯಿಸಿದಂತಾಯಿತು. ಹೋಲಿಕೆಯ ೩೩ ಊರುಗಳೂ ಬರಿದಾಗಿರಲಿಲ್ಲ. ರಾಜ್ಯಸರ್ಕಾರಗಳ ಹಂಚಿಕೆಯಿಂದ ಅಲ್ಲಿಯೂ ನಲಾಕ್ಸೋನ್ ಇತ್ತು, ಚಿಕಿತ್ಸೆ ಇತ್ತು. ಎರಡು ಪಂಗಡಗಳ ನಡುವೆ ಕಾರ್ಯದಲ್ಲಿದ್ದ ಅಂತರವೇ ತೆಳ್ಳಗಿದ್ದರೆ ಮರಣದಲ್ಲಿ ದಪ್ಪನಾದ ಅಂತರವನ್ನು ಕಾಣುವುದೆಂತು? ಮ್ಯಾಸಚೂಸೆಟ್ಸಿನವರು ಮಾಡಿದಂತೆ, ಹೋಲಿಕೆಯ ವರ್ಷದಲ್ಲಿ ಒಂದೊಂದು ಊರಿನಲ್ಲಿಯೂ ಲಕ್ಷಕ್ಕೆ ಎಷ್ಟು ನಲಾಕ್ಸೋನ್ ಕೈಸೇರಿತ್ತು, ಎಷ್ಟು ಮಂದಿ ಚಿಕಿತ್ಸೆಯಲ್ಲಿ ನಿಂತಿದ್ದರು ಎಂಬ ಪಟ್ಟಿಯನ್ನು ಮರಣದ ಪಟ್ಟಿಯ ಪಕ್ಕದಲ್ಲಿಯೇ ಇಟ್ಟು ಓದದೆ ಈ ಪ್ರಶ್ನೆಗೆ ಉತ್ತರ ಹೊರಡದು.

೨೦೨೪ರಲ್ಲಿಯೇ ಹೊರಬಂದ ಮತ್ತೊಂದು ವಿಶ್ಲೇಷಣೆಯಲ್ಲಿ, ಅಫೀಮಿನ ಜಾತಿಯ ಮದ್ದಿನೊಡನೆ ಮೆಥಾಂಫೆಟಮೀನ್‌ನಂಥ ಉತ್ತೇಜಕಗಳು ಬೆರೆತ ಮರಣಗಳು ಯೋಜನೆಯ ಕಡೆ ಲಕ್ಷಕ್ಕೆ ೮.೯, ಹೋಲಿಕೆಯ ಕಡೆ ೧೪.೧ ಎಂದು ಕಂಡುಬಂದಿದೆ. ಶೇಕಡ ೩೭ರ ಇಳಿತ. ಇದನ್ನು ಹಿಡಿದು ಜಯಘೋಷ ಮಾಡುವವರಿಗೆ ವಿಲ್ಕ್ಸ್ ಕೌಂಟಿಯನ್ನು ನೆನಪಿಸಬೇಕಾಗುತ್ತದೆ. ಹಲವು ಬಗೆಯ ಮಿಶ್ರಣಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದಾಗ ಯಾವುದಾದರೊಂದರಲ್ಲಿ ಅಂತರ ಕಾಣುವ ಸಂಭವ ಹೆಚ್ಚು. ಇದು ಮುಂದಿನ ಅಧ್ಯಯನಕ್ಕೆ ಸೂಚನೆ.

ಚೀಟಿ ಎತ್ತುವುದು ದುಬಾರಿ, ಹಿಂದು-ಮುಂದಿನ ಹೋಲಿಕೆಯೇ ಸಾಕು ಎನ್ನುವವರು ಇತ್ತೀಚಿನ ರಾಷ್ಟ್ರೀಯ ಅಂಕಿಗಳನ್ನು ನೋಡಬೇಕು. ಅಮೆರಿಕದಲ್ಲಿ ಎಲ್ಲ ಮದ್ದುಗಳ ಅತಿಸೇವನೆಯಿಂದ ೨೦೨೨ರಲ್ಲಿ ಸತ್ತವರು ಸುಮಾರು ಒಂದು ಲಕ್ಷದ ಎಂಟು ಸಾವಿರ. ೨೦೨೪ರಲ್ಲಿ ಸುಮಾರು ಎಂಬತ್ತು ಸಾವಿರ. ನಲಾಕ್ಸೋನಿನ ವ್ಯಾಪಕ ಹಂಚಿಕೆ, ಬೀದಿಯ ಫೆಂಟನಿಲ್ ಪೂರೈಕೆಯಲ್ಲಾದ ಬದಲಾವಣೆ, ಅಪಾಯಕ್ಕೆ ಹೆಚ್ಚು ಈಡಾದವರು ಆಗಲೇ ಸತ್ತುಹೋಗಿರುವುದು ಎಂದು ನಾನಾ ಕಾರಣಗಳನ್ನು ಹೇಳುತ್ತಾರೆ; ಒಮ್ಮತವಿಲ್ಲ. ಈ ಎರಡು ವರ್ಷಗಳಲ್ಲಿ ಯಾವ ಊರಿನಲ್ಲಿ ಯಾವ ಯೋಜನೆಯನ್ನು ಆರಂಭಿಸಿದ್ದರೂ ಅದು ಗೆದ್ದಂತೆ ತೋರುತ್ತಿತ್ತು. ಅದಕ್ಕೆ ಹಿಂದಿನ ದಶಕದಲ್ಲಿ ಆರಂಭಿಸಿದ್ದರೆ ಸೋತಂತೆ ತೋರುತ್ತಿತ್ತು.

ಇನ್ನೊಂದು ವಿಷಯ. ಕಾಯುತ್ತಿದ್ದ ೩೩ ಸಮುದಾಯಗಳಿಗೂ ೨೦೨೨ರ ಜುಲೈನಿಂದ ಯೋಜನೆಯನ್ನು ವಿಸ್ತರಿಸಲಾಯಿತು. ಧರ್ಮದೃಷ್ಟಿಯಿಂದ ಇದು ಯುಕ್ತ. ಪ್ರಾಣರಕ್ಷಣೆಯ ಉಪಾಯವನ್ನು ಹೋಲಿಕೆಗಾಗಿ ಇನ್ನಷ್ಟು ಕಾಲ ತಡೆಹಿಡಿಯೆಂದು ಯಾವ ವಿಮರ್ಶಕನೂ ಹೇಳಲಾರ. ಆದರೆ ಮೊದಲ ೩೪ ಊರುಗಳಲ್ಲಿ ತಡವಾಗಿ ಜಾರಿಗೆ ಬಂದ ಶೇಕಡ ೬೨ರಷ್ಟು ಕಾರ್ಯಕ್ರಮಗಳು ಪೂರ್ಣವಾಗಿ ಫಲ ಕೊಡಬೇಕಾಗಿದ್ದ ಕಾಲಕ್ಕೆ, ಯೋಜನೆಯಿಲ್ಲದ ಊರು ಅವುಗಳ ಪಕ್ಕದಲ್ಲಿ ಒಂದೂ ಉಳಿದಿರಲಿಲ್ಲ.